ಕ್ಯಾಮೆರಾ ಮುಂದೆ ಬಾರದವರು

ಕ್ಯಾನ್ಸರ್‌ಗೆ ಪರ್ಯಾಯ ಚಿಕಿತ್ಸೆ ಅಂತ ಒಂದು ಅಮೆರಿಕನ್ ಡಾಕ್ಯುಮೆಂಟರಿ ನೋಡಿದೆ. ಜ್ಯೂಸು, ಧ್ಯಾನ, ವಿಟಮಿನ್ ಡ್ರಿಪ್ಪು. ತಜ್ಞರು ಅಂತ ಕೂತವರಲ್ಲಿ ಬಿಳಿ ಗಂಡಸರೇ ಜಾಸ್ತಿ. ಗುಣವಾದೆವು ಅಂದವರ ಹಿಂದೆ ದೊಡ್ಡ ತೋಟ, ಈಜುಕೊಳ. ಕಪ್ಪು ಮಹಿಳೆಯೊಬ್ಬರು ಬಂದರು. ಎರಡು ಮಾತು ಆಡುವಷ್ಟರಲ್ಲಿ ಹಿನ್ನೆಲೆ ಸಂಗೀತ ಏರಿತು, ದೃಶ್ಯ ಬದಲಾಯಿತು.

ಅವರಿಗೆ ಹೇಳಲು ಬೇಕಾದಷ್ಟು ಇತ್ತು ಅನಿಸುತ್ತದೆ. ಆಸ್ಪತ್ರೆ ಕಂಡರೆ ಅಲ್ಲಿನ ಕಪ್ಪು ಜನರಲ್ಲಿ ಹಲವರಿಗೆ ಅನುಮಾನ ಇರುವುದು ಸುಮ್ನೆ ಅಲ್ಲ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ನೂರಾರು ಕಪ್ಪು ಗಂಡಸರನ್ನು, ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ, ಸರ್ಕಾರಿ ವೈದ್ಯರು ಚಿಕಿತ್ಸೆ ಕೊಡದೆ ನೋಡುತ್ತಾ ಕೂತರು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಕಪ್ಪು ಮಹಿಳೆಯ ಕ್ಯಾನ್ಸರ್ ಗಡ್ಡೆಯಿಂದ ಜೀವಕೋಶ ತೆಗೆದರು, ಕೇಳದೆ. ಆ ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಇಂಥ ಗಾಯ ಇರುವ ಕಡೆ 'ಡಾಕ್ಟರನ್ನು ನಂಬಬೇಡಿ' ಅನ್ನುವ ಮಾತು ಬೇಗ ನಾಟುತ್ತದೆ.

ಹಾಗಂತ ಎಲ್ಲ ಬಣ್ಣದವರನ್ನೂ ಕೂರಿಸಿದ್ದರೆ ಚಿತ್ರ ಸರಿಹೋಗುತ್ತಿತ್ತಾ? ನನಗೇನೋ ಹಾಗನಿಸುವುದಿಲ್ಲ. ಸುಳ್ಳು ಆಸೆ ಇನ್ನಷ್ಟು ಮನೆಗೆ ತಲುಪುತ್ತಿತ್ತು, ಅಷ್ಟೇ. ಬೇರೆ ಕಡೆಗೆ ಹರಡದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡವರಲ್ಲಿ ಸಾವಿನ ಅಪಾಯ, ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಸುಮಾರು 2.5 ಪಟ್ಟು ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದರು. ಅದೇ ಜ್ಯೂಸು ಕುಡಿದು ತೀರಿಕೊಂಡವರು ಸಂದರ್ಶನ ಕೊಡಲಾರರು, ನಿಜ. ಅವರ ಗಂಡನನ್ನೋ ಮಗಳನ್ನೋ ಒಂದೈದು ನಿಮಿಷ ಮಾತಾಡಿಸಬಹುದಿತ್ತು, ಅಲ್ವಾ?