ಫ್ಯಾನ್ ಕೊಕ್ಕೆ ಇಲ್ಲದ ಸ್ಲ್ಯಾಬ್: ಮಾನಸಿಕ ಆರೋಗ್ಯ ವಾರ್ಡ್ ಕೆಲಸದ 14ನೇ ವಾರ

ಗುರುವಾರ ಸ್ಲ್ಯಾಬ್ ಹಾಕಬೇಕಿತ್ತು. ಹಾಕಲಿಲ್ಲ. ಕಾರಣ, 12 ಕೊಕ್ಕೆ.

ಹೊಸದಾಗಿ ಓದುವವರಿಗೆ: ಇದು ಧಾರವಾಡ ಸೀಮೆಯ ಒಂದು ಆಸ್ಪತ್ರೆ ಆವರಣದಲ್ಲಿ ಏಳುತ್ತಿರುವ ಸಣ್ಣ ಕಟ್ಟಡ. ನೆಲಮಹಡಿ ಮಾತ್ರ. ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದಕ್ಕೇ ಬುಡದಲ್ಲಿ ಗಡಿಗೆಯ ಹಾಗೆ ಉಬ್ಬಿದ ಅಂಡರ್‌ರೀಮ್ಡ್ ಪೈಲ್ (ನೆಲದಾಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ) ಹಾಕಿದೆವು. ಗೋಡೆ ಹೊರುವ ಪ್ಲಿಂತ್ ಬೀಮ್ ಕೆಳಗೆ 80 ಮಿ.ಮೀ. ಖಾಲಿ ಬಿಟ್ಟಿದ್ದೇವೆ. ಮಣ್ಣು ಉಬ್ಬಿದರೆ ಉಬ್ಬಲಿ, ಬೀಮನ್ನು ಎತ್ತದಿದ್ದರೆ ಸಾಕು.

ಈಗ ಕೊಕ್ಕೆ ಕತೆ. ನಮ್ಮಲ್ಲಿ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ತಾತ್ಕಾಲಿಕ ಹಲಗೆ) ಮೇಲೆ ಕಂಬಿ ಕಟ್ಟಿದ ಕೂಡಲೇ ಫ್ಯಾನ್ ತೂಗುಹಾಕುವ ಕೊಕ್ಕೆಯ ಬಾಕ್ಸ್ ಇಡುವುದು ಕೈಗೆ ಬಂದ ರೂಢಿ. ಯಾರೂ ಹೇಳಬೇಕಿಲ್ಲ. ಆದರೆ ಇಲ್ಲಿ ರೋಗಿ ಒಬ್ಬರೇ ಇರುವ ಕೋಣೆಯಲ್ಲಿ ಭಾರ ತಡೆಯುವ ಕೊಕ್ಕೆ, ಹೊರಗೆ ಕಾಣುವ ಪೈಪು, ಗಟ್ಟಿ ಕರ್ಟನ್ ರಾಡ್ ಯಾವುದೂ ಇರಬಾರದು. ಜೀವದ ಮೇಲೆ ಬೇಸರ ಬಂದವರು ಮಲಗುವ ಜಾಗ ಅದು. ಬೇರೆ ಕಟ್ಟಡದಲ್ಲಿ ಕೊಕ್ಕೆ ಗಟ್ಟಿ ಇದೆಯಾ ಅಂತ ಎಳೆದು ನೋಡುತ್ತೇವೆ. ಇಲ್ಲಿ ಗಟ್ಟಿ ಇರುವುದೇ ತಪ್ಪು.

ತಪ್ಪು ನನ್ನದೇ. ಡ್ರಾಯಿಂಗ್‌ನಲ್ಲಿ ಕೊಕ್ಕೆ ತೋರಿಸಿರಲಿಲ್ಲ, ನಿಜ. ಆದರೆ ‘ಬೇಡ’ ಅಂತಲೂ ಬರೆದಿರಲಿಲ್ಲ. ಬುಧವಾರ ಸಂಜೆ ಚೆಕ್ ಮಾಡಲು ಮೇಲೆ ಹತ್ತಿದಾಗಲೇ ಆ 12 ಕೊಕ್ಕೆ ಕಣ್ಣಿಗೆ ಬಿದ್ದದ್ದು.

‘ಏಪ್ರಿಲ್‌ದಾಗ ಫ್ಯಾನ್ ಇಲ್ಲದ ಹೆಂಗ ಮಲಗ್ತಾರ್ರೀ ಸರ?’ ಅಂದರು ಮೇಸ್ತ್ರಿ. ನ್ಯಾಯವಾದ ಪ್ರಶ್ನೆ ಅಲ್ವಾ? ಬಿಸಿಲಲ್ಲಿ ಬೇಯಿಸಿದರೆ ಅದೂ ಚಿಕಿತ್ಸೆಯಲ್ಲ. ಕಾರಿಡಾರ್ ಮೇಲಿನ ಡಕ್ಟ್‌ನಿಂದ ಕೋಣೆಗಳಿಗೆ ಗಾಳಿ ಬರುತ್ತದೆ. ಕೋಣೆಯೊಳಗೆ ಕಾಣುವುದು ಗೋಡೆಗೆ ಸಮವಾಗಿ ಕೂತ, ಸಣ್ಣ ತೂತಿನ ಜಾಲರಿ ಮಾತ್ರ.

ಆದರೆ ಕಾರಿಡಾರ್‌ನಿಂದ ಕೋಣೆಗೆ ಹೋಗಲು ಬೀಮ್ ಅಡ್ಡ. ಎಸಿಯವರು 200 ಮಿ.ಮೀ. ತೂತು ಕೇಳಿದರು. ನಮ್ಮ ಬೀಮ್ ಆಳವೇ 450. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಲ್ಲ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಹಟ ಹಿಡಿದರು. ಕೊನೆಗೆ 200ರ ಒಂದರ ಬದಲು 150ರ ಎರಡು ಸ್ಲೀವ್ (ತೂತಿಗಾಗಿ ಮೊದಲೇ ಇಡುವ ಪೈಪು), ನಡುವೆ ಸಾಕಷ್ಟು ಅಂತರ. ಲೆಕ್ಕ ಹಾಕಿದರೆ ಗಾಳಿಗೆ ಜಾಗ ಸ್ವಲ್ಪ ಹೆಚ್ಚೇ ಸಿಕ್ಕಿತು. ಎರಡೂ ಬೀಮ್ ಉದ್ದದ ನಡುಭಾಗದಲ್ಲಿ, ಆಳದ ಮಧ್ಯಕ್ಕೆ. ಕಾಲಮ್ ಹತ್ತಿರ ಶಿಯರ್ (ಬೀಮನ್ನು ಕತ್ತರಿಸುವಂಥ ಬಲ) ಜಾಸ್ತಿ, ಅಲ್ಲಿ ಕೈ ಹಾಕುವ ಹಾಗಿಲ್ಲ. ತೂತಿನ ಎರಡೂ ಬದಿಗೆ ಕಂಬಿಯ ರಿಂಗ್ ಒತ್ತಾಗಿ ಕಟ್ಟಿಸಿದೆವು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಡ್ರಿಲ್ ಹಿಡಿದು ಬರುವವರ ಜೊತೆ ಜಗಳವಾಡುವುದಕ್ಕಿಂತ ಈಗಲೇ ಜಗಳವಾಡಿದ್ದು ಒಳ್ಳೆಯದಾಯಿತು.

ಇನ್ನೊಂದು ಬದಲಾವಣೆ. ಎಲ್ಲಿಂದಲೋ ನಕಲು ಮಾಡಿದ ಹಳೆಯ ನಕ್ಷೆಯಲ್ಲಿ ಒಬ್ಬರನ್ನೇ ಕೂಡಿಹಾಕುವ ಕೋಣೆ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಆ ಗೋಡೆಗಳು ಹೋಗಿ ಜಾಗ ಅಂಗಳಕ್ಕೆ ಸೇರಿತು. ಭಾರ ಹೊರುವ ಗೋಡೆಗಳಲ್ಲ, ಹಾಗಾಗಿ ನಮಗೆ ಸುಲಭ.

ಶನಿವಾರ ಬೆಳಿಗ್ಗೆ ಆರಕ್ಕೆ ಎಂ25 ದರ್ಜೆಯ ಕಾಂಕ್ರೀಟ್ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಗಟ್ಟಿತನ ಪರೀಕ್ಷಿಸಲು ಕ್ಯೂಬ್ ತೆಗೆದಿಟ್ಟಿದ್ದೇವೆ. ಭಾನುವಾರದಿಂದ ಸ್ಲ್ಯಾಬ್ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆ.

ಬಿಚ್ಚಿದ 12 ಕೊಕ್ಕೆಯನ್ನು ಮೇಸ್ತ್ರಿ ಸಿಮೆಂಟ್ ಚೀಲಕ್ಕೆ ತುಂಬಿ ಗೋಡೌನ್‌ಗೆ ಹಾಕಿದ್ದಾರೆ. ಮುಂದಿನ ತಿಂಗಳು ಸ್ಟಾಫ್ ರೂಮ್‌ ಸ್ಲ್ಯಾಬ್‌ಗೆ ಬೇಕಂತೆ.