ಚುಕ್ಕೆ ಇಲ್ಲದ ಕಡೆ ಗೆರೆ

ಮಂಗಳವಾರದ ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಲ್ಯಾಬಿನವರಿಗೆ ಫಾರ್ಮಾಲಿನ್ ಬಗ್ಗೆ, ಅಂದರೆ ಜಾಡಿಯಲ್ಲಿಟ್ಟ ಅಂಗಾಂಶ ಕೆಡದಂತೆ ಕಾಯುವ ದ್ರಾವಣದ ಬಗ್ಗೆ, ಒಂದು ಗಂಟೆ ತರಬೇತಿ ಕೊಡಬೇಕಿತ್ತು. ಪರದೆಯ ಮೇಲೆ ಗ್ರಾಫ್ ಹಾಕಿದ್ದೆ. ಅಡ್ಡಕ್ಕೆ ಆ ದ್ರಾವಣದಿಂದ ಎದ್ದು ಗಾಳಿಗೆ ಸೇರುವ ಫಾರ್ಮಾಲ್ಡಿಹೈಡ್ ಅನಿಲದ ಪ್ರಮಾಣ, ಉದ್ದಕ್ಕೆ ಮೂಗಿನ ಕ್ಯಾನ್ಸರ್ ಬಂದ ಇಲಿಗಳ ಪ್ರಮಾಣ. ಎಲ್ಲ ಮುಗಿದ ಮೇಲೆ ಅಟೆಂಡರ್ ಒಬ್ಬರು ಎದ್ದು ಬಂದರು. ಇಪ್ಪತ್ತು ವರ್ಷದಿಂದ ಆ ಜಾಡಿಗಳನ್ನು ತುಂಬಿ, ತೊಳೆದು ಇಡುವವರು ಅವರೇ.

“ಮೇಡಂ, ನಮ್ಮ ರೂಮು ಇದರಲ್ಲಿ ಎಲ್ಲಿ ಬರುತ್ತೆ?”

ನಮ್ಮ ಅಳತೆ ಒಂದು ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಕಡಿಮೆ. ಎಡಗಡೆಯ ಕೆಳಮೂಲೆ ತೋರಿಸಿದೆ.

ಅವರು ಹತ್ತಿರ ಹೋಗಿ ನೋಡಿದರು. “ಅಲ್ಲಿ ಚುಕ್ಕೆನೇ ಇಲ್ವಲ್ಲ ಮೇಡಂ. ಬರೀ ಗೆರೆ ಇದೆ.”

ಪಕ್ಕದಲ್ಲಿದ್ದ ಮೇಲಧಿಕಾರಿ, “ಅದೆಲ್ಲ ಲೆಕ್ಕ, ನಿಮಗೆ ಅರ್ಥ ಆಗಲ್ಲ ಬಿಡಿ” ಅಂದುಬಿಟ್ಟರು. ನನಗೆ ಸಿಟ್ಟು ಬಂತು. ಆ ಕೋಣೆಯಲ್ಲಿ ಗ್ರಾಫನ್ನು ಸರಿಯಾಗಿ ಓದಿದ್ದು ಆ ಅಟೆಂಡರ್ ಒಬ್ಬರೇ. ಮೇಲಧಿಕಾರಿ ಕೆಟ್ಟವರಲ್ಲ, ಆದರೆ ಪ್ರಶ್ನೆ ಬಂದರೆ ಅವರಿಗೆ ಗಾಬರಿ. ನಾನಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅಟೆಂಡರ್ ಕಂಡದ್ದು ಇಷ್ಟು. ಆ ಇಲಿಗಳ ಪ್ರಯೋಗದಲ್ಲಿ 14 ಪಿಪಿಎಂ ಹತ್ತಿರ ನೂರಕ್ಕೆ 40ಕ್ಕೂ ಜಾಸ್ತಿ ಇಲಿಗಳಿಗೆ ಕ್ಯಾನ್ಸರ್. 6ರ ಹತ್ತಿರ ಒಟ್ಟು ಎರಡೇ ಎರಡು ಇಲಿಗಳಿಗೆ. 2ರಲ್ಲಿ 200ಕ್ಕೂ ಹೆಚ್ಚು ಇಲಿಗಳಿದ್ದವು, ಒಂದಕ್ಕೂ ಇಲ್ಲ. ಅಲ್ಲಿಂದ ಸೊನ್ನೆಯ ತನಕ ಖಾಲಿ. ನಾವು ಉಸಿರಾಡುವುದು ಆ ಖಾಲಿ ಜಾಗದಲ್ಲಿ.

ಒಂದಕ್ಕೂ ಬರಲಿಲ್ಲ ಅಂದರೆ ಅಪಾಯ ಇಲ್ಲ ಅಂತಲೂ ಅಲ್ಲ. ಅಷ್ಟು ಇಲಿಗಳಲ್ಲಿ ಒಂದೂ ಸಿಗದಿದ್ದರೂ ನಿಜವಾದ ಪ್ರಮಾಣ ನೂರಕ್ಕೆ ಒಂದರಷ್ಟು ಇರಬಹುದು. ನಾವು ಹುಡುಕುವುದೋ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಷ್ಟು ಸಣ್ಣ ಅಪಾಯ. ಅದನ್ನು ಕಣ್ಣಾರೆ ಕಾಣಲು ಎಷ್ಟು ಇಲಿ ಸಾಕಬೇಕು ಹೇಳಿ! 1970ರ ದಶಕದಲ್ಲಿ ಅಮೆರಿಕದಲ್ಲಿ ಬೇರೊಂದು ರಾಸಾಯನಿಕವನ್ನು 24,000 ಸುಂಡಿಲಿಗಳ (ಮೈಸ್) ಮೇಲೆ ಪರೀಕ್ಷಿಸಿದರು. ಯಕೃತ್ತಿನ ಗಡ್ಡೆಗಳ ಗೆರೆ ಹೆಚ್ಚುಕಡಿಮೆ ನೇರ. ಮೂತ್ರಕೋಶದ ಗೆರೆ ಕೆಳಗೆ ಚಪ್ಪಟೆಯಾಗಿದ್ದು, ಡೋಸ್ ಏರಿದ ಮೇಲೆ ಥಟ್ಟನೆ ಮೇಲೆದ್ದಿತು. ಅದೇ ಪ್ರಾಣಿ, ಅದೇ ರಾಸಾಯನಿಕ, ಆದರೂ ಗೆರೆಯ ಆಕಾರ ಬೇರೆ.

ಹಾಗಾಗಿ ಕ್ಯಾನ್ಸರ್ ಕಂಡ ಕೊನೆಯ ಚುಕ್ಕೆಯಿಂದ ಸೊನ್ನೆಗೆ ನೇರ ಗೆರೆ ಎಳೆಯುವುದು ಅಳತೆಯಲ್ಲ. ಅದೊಂದು ತೀರ್ಮಾನ. ಎಷ್ಟು ಕಡಿಮೆ ಇದ್ದರೂ ಸ್ವಲ್ಪ ಅಪಾಯ ಇದೆ ಅಂತಿಟ್ಟುಕೊಂಡು, ಜನರ ಕಡೆಗೆ ವಾಲಿ ಮಾಡಿದ ಲೆಕ್ಕ. ನಿಜವಾದ ಅಪಾಯ ಅದಕ್ಕಿಂತ ಕಡಿಮೆ ಇರಬಹುದು, ಸೊನ್ನೆಯೂ ಇರಬಹುದು ಅಂತ ಅಮೆರಿಕದ ಪರಿಸರ ಸಂಸ್ಥೆಯೇ ಹೇಳುತ್ತದೆ. ಫಾರ್ಮಾಲ್ಡಿಹೈಡ್ ವಿಷಯದಲ್ಲಂತೂ, ಜಾಸ್ತಿ ಡೋಸ್‌ನಲ್ಲಿ ಮೂಗಿನ ಒಳಪದರ ಸತ್ತು ಮತ್ತೆ ಮತ್ತೆ ಬೆಳೆಯುತ್ತದೆ. ಗೆರೆ ಅಷ್ಟು ಕಡಿದಾಗಿ ಏರಲು ಅದೂ ಒಂದು ಕಾರಣ. ಕಡಿಮೆ ಡೋಸ್‌ನಲ್ಲೂ ಹಾಗೇ ಆಗುತ್ತದಾ ಅನ್ನುವುದೇ ಜಗಳ. ಹಾಗಂತ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇದು ಮನುಷ್ಯರಿಗೂ ಕ್ಯಾನ್ಸರ್ ತರುವ ವಸ್ತು ಎನ್ನುವುದು ಖಚಿತವಾಗಿ ಗೊತ್ತಿದೆ.

ನೇರ ಗೆರೆಯನ್ನು ನಾನು ಈಗಲೂ ಒಪ್ಪುತ್ತೇನೆ. ಗೊತ್ತಿಲ್ಲದ ಕಡೆ ಕೆಲಸದವರ ಪರ ನಿಲ್ಲಬೇಕು. ಆದರೆ ಅದನ್ನು ಇಲಿಗಳೇ ಹೇಳಿದವು ಅನ್ನುವಂತೆ ತೋರಿಸಿದ್ದೆನಲ್ಲ, ಅದು ತಪ್ಪು. ದಿನಾ ಆ ಗಾಳಿ ಕುಡಿಯುವವರಿಗೆ ಯಾವುದು ಕಂಡದ್ದು, ಯಾವುದು ನಾವು ಎಳೆದದ್ದು ಅಂತ ಗೊತ್ತಾಗಬೇಕು, ಅಲ್ವಾ?

ನಿನ್ನೆ ರಾತ್ರಿ ಗ್ರಾಫನ್ನು ಮತ್ತೆ ಬರೆದೆ. 2 ಪಿಪಿಎಂನಿಂದ ಕೆಳಗೆ ಗೆರೆಯನ್ನು ಬಿಟ್ಟು ಬಿಟ್ಟು ಎಳೆದು, ‘ಇಲ್ಲಿಂದ ಊಹೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಬೆಳಗ್ಗೆ ಮೊದಲು ಆ ಅಟೆಂಡರ್‌ಗೇ ತೋರಿಸಿದೆ. ಸುಮಾರು ಹೊತ್ತು ನೋಡಿದರು.

“ಸರಿ ಮೇಡಂ. ಆ ಎಕ್ಸಾಸ್ಟ್ ಫ್ಯಾನ್ ಯಾವಾಗ ಮಾಡಿಸ್ತೀರಾ?”