ಕಂಬ ಇರುವ ಗದ್ದೆ

ಮಳೆಗಾಲದಲ್ಲಿ ಕರಾವಳಿಯಲ್ಲಿ ಕೂತು ತೈಲವರ್ಣದಲ್ಲಿ ಚಿತ್ರ ಬರೆಯುವವರು ಒಂದೋ ಬಹಳ ತಾಳ್ಮೆಯವರಾಗಿರಬೇಕು, ಇಲ್ಲವೇ ಹಠಮಾರಿಗಳಾಗಿರಬೇಕು. ಒಗೆದು ಹಾಕಿದ ಲುಂಗಿಯೇ ಒಣಗದ ಊರಿನಲ್ಲಿ ಎಣ್ಣೆ ಬಣ್ಣ ಒಣಗಲಿ ಎಂದು ಯಾರು ಕಾಯುತ್ತಾರೆ? ನನ್ನ ಡ್ರಾಯಿಂಗ್ ಮಾಷ್ಟ್ರು ಕಾಯುತ್ತಾರೆ. ನಿವೃತ್ತಿಯಾದ ಮೇಲೆ ಅವರು ಉಡುಪಿ ಬಿಟ್ಟು ಕೆಮ್ಮಣ್ಣಿನ ಕಡೆ, ಸ್ವರ್ಣಾ ನದಿ ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ಸುತ್ತಿಕೊಂಡು ಸಮುದ್ರಕ್ಕೆ ಹೊರಡುವಲ್ಲಿ, ಹೆಂಡತಿಯ ಪಾಲಿಗೆ ಬಂದ ಹಂಚಿನ ಮನೆಯಲ್ಲಿದ್ದಾರೆ. ಗದ್ದೆ, ಊರ ದನ, ತೋಡಿಗೆ ಅಡ್ಡ ಹಾಕಿದ ಸಂಕ, ಬೈಹುಲ್ಲಿನ ಕುತ್ತರಿ, ದಡಕ್ಕೆ ಕಟ್ಟಿದ ದೋಣಿ. ಅವರು ಬರೆಯುವುದು ಇಷ್ಟನ್ನೇ. ದೇವರನ್ನು ಬರೆಯುವುದಿಲ್ಲ, ಮನುಷ್ಯರ ಮುಖವನ್ನಂತೂ ಇಲ್ಲವೇ ಇಲ್ಲ. "ಮುಖ ಬರೆದ್ರೆ ಮುಖದವರಿಗೆ ಸಮಾಧಾನ ಮಾಡ್ಬೇಕು. ದನ ಆದ್ರೆ ಎಂತ ಹೇಳುದಿಲ್ಲ" ಎನ್ನುತ್ತಾರೆ.

ಕಳೆದ ವರ್ಷ ಅಷ್ಟಮಿ ಕಳೆದು ಸ್ವಲ್ಪ ದಿನಕ್ಕೆ ಅವರ ಫೋನ್ ಬಂತು. ಮಂಗಳೂರಿನಲ್ಲಿ ಪ್ರದರ್ಶನ ಗೊತ್ತಾಗಿದೆ, ಚಿತ್ರಗಳಿಗೆಲ್ಲ ಬೂಷ್ಟು ಬಂದಿದೆ, ಭಾನುವಾರ ಬರ್ತೀಯಾ ಎಂದು. "ಬರುವಾಗ ಮೆತ್ತನೆಯ ಬ್ರಷ್ ತಕೊಂಡು ಬಾ. ಮುಖಕ್ಕೆ ಕಟ್ಟಿಕೊಳ್ಳಲಿಕ್ಕೆ ಮಾಸ್ಕೂ ಇರಲಿ."

ಹೋದಾಗ ಮಳೆ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು. ಮಾಷ್ಟ್ರು ಆಗಲೇ ಚಿತ್ರಗಳನ್ನು ಒಂದೊಂದಾಗಿ ತಂದು ಜಗಲಿಯ ಅಂಚಿಗೆ ಒರಗಿಸಿದ್ದರು, ಎಲ್ಲವೂ ನಮಗೆ ಬೆನ್ನು ಹಾಕಿಕೊಂಡು. ಬಣ್ಣದ ಬದಿಯಲ್ಲಿ ಬೂಷ್ಟು ಅಲ್ಲಲ್ಲಿ ಮಾತ್ರ ಇತ್ತು. ಹಿಂದಿನ ಬಟ್ಟೆಯ ಮೇಲೆ ಬೂದು ಬಣ್ಣದ ಚುಕ್ಕೆ ಧಾರಾಳ. ಎಣ್ಣೆ ನೇರವಾಗಿ ತಾಗಿದರೆ ಬಟ್ಟೆ ಕ್ರಮೇಣ ಕೊಳೆತು ಹೋಗುತ್ತದೆ. ಹಾಗಾಗಿ ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಅಂಟು ಬಳಿಯುವುದು ಹಳೆಯ ಕ್ರಮ. ಬೂಷ್ಟಿಗೆ ಆ ಅಂಟೇ ಊಟ. ಅದರ ಮೇಲೆ ಮುರಕಲ್ಲಿನ ಗೋಡೆ ಬೇರೆ. ಜೂನ್‌ನಿಂದ ನೀರು ಕುಡಿದು ಕೂತಿರುವ ಗೋಡೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಹಾಗೆ ಅಂಟಿಸಿದ್ದಕ್ಕೆ ಬೂಷ್ಟು ಕಡಿಮೆ ಇತ್ತು, ಅಂಟಿಸದೆ ಬಿಟ್ಟದ್ದಕ್ಕೆ ಹೆಚ್ಚು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ.

ಒದ್ದೆ ಬಟ್ಟೆ ಮುಟ್ಟಿಸುವಂತಿಲ್ಲ. ಬೆನ್ನಿಗೆ ಮಾತ್ರ ಹದ ಬಿಸಿಲು, ಆಮೇಲೆ ಒಣ ಬ್ರಷ್, ಅದೂ ಗಾಳಿಗೆ ಬೆನ್ನು ಹಾಕಿ ನಿಂತು. ಇಬ್ಬರೂ ಮೌನವಾಗಿ ಉಜ್ಜುತ್ತಾ ಹೋದೆವು. ಒಂದು ಚಿತ್ರದ ಮೇಲೆ ನನ್ನ ಕೈ ಹೋದಾಗ ಮಾತ್ರ ಮಾಷ್ಟ್ರು "ಅದು ಬೇಡ, ಅದು ಇನ್ನೂ ಹಸಿ" ಎಂದು ತಡೆದರು. ಮೇ ತಿಂಗಳಲ್ಲಿ ಮುಗಿಸಿದ್ದು. ದಪ್ಪ ಬಣ್ಣ ಇಟ್ಟ ಕಡೆ ಉಗುರು ತಾಗಿದರೆ ಈಗಲೂ ಗುರುತು ಬೀಳುತ್ತದಂತೆ.

"ಒಣಗುದು ಅಂದ್ರೆ ನೀರು ಆರಿದ ಹಾಗಲ್ಲ ಮಾರಾಯ್ತಿ. ಅಗಸೆ ಎಣ್ಣೆ ಎಲ್ಲಿಗೂ ಹೋಗುದಿಲ್ಲ. ಗಾಳಿಯಿಂದ ಆಮ್ಲಜನಕ ಎಳೆದುಕೊಂಡು ಇದ್ದಲ್ಲೇ ಗಟ್ಟಿಯಾಗ್ತದೆ. ತೂಕ ಮಾಡಿ ನೋಡಿದ್ರೆ ಒಣಗುವಾಗ ಭಾರ ಜಾಸ್ತಿ ಆಗಿರ್ತದೆ, ಗೊತ್ತುಂಟಾ?"

ಗೊತ್ತಿರಲಿಲ್ಲ. ಶಾಲೆಯಲ್ಲಿ ಅವರು ನಮಗೆ ಕಲಿಸಿದ್ದು ನೀರಿನ ಬಣ್ಣ, ಅದರಲ್ಲೂ ಎರಡು ಗುಡ್ಡದ ನಡುವಿನ ಸೂರ್ಯ. ಆ ಸೂರ್ಯನನ್ನು ನೆನಪಿಸಿದರೆ ಈಗ ಅವರಿಗೇ ನಗು. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಒಣಗುವುದಿಲ್ಲ ಎಂಬುದೂ ಅವತ್ತೇ ತಿಳಿದದ್ದು. ಅಂಬರ್ ಎಂಬ ಮಣ್ಣಿನ ಕಂದು ಬೇಗ ಗಟ್ಟಿಯಾಗುತ್ತದೆ, ಅದರಲ್ಲಿ ಮ್ಯಾಂಗನೀಸ್ ಇರುವ ಕಾರಣ. ಕಪ್ಪು ನಿಧಾನ. ಹಾಗಾಗಿ ಕಪ್ಪಿನ ಮೇಲೆ ಬೇಗ ಒಣಗುವ ಬಣ್ಣ ಎಳೆದರೆ ಮೇಲಿನದು ಬಿಗಿದು, ಕೆಳಗಿನದು ಇನ್ನೂ ಜರುಗುತ್ತಾ, ವರ್ಷಗಳ ಮೇಲೆ ಬಿರುಕು ಬಿಡುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬುದು ಈ ಕಸುಬಿನ ಮೊದಲ ಪಾಠ.

ನನಗೆ ಯಾವಾಗಲೂ ಕುತೂಹಲ ಇದ್ದದ್ದು ಅವರ ಹಸಿರಿನ ಬಗ್ಗೆ. ಆಗಸ್ಟ್‌ನಲ್ಲಿ ನಮ್ಮ ಗದ್ದೆಯ ಹಸಿರನ್ನು ಫೋಟೋದಲ್ಲಿ ಹಿಡಿದರೂ ಸುಳ್ಳಿನ ಹಾಗೆ ಕಾಣುತ್ತದೆ, ಯಾರೋ ಫೋನಿನಲ್ಲಿ ಬಣ್ಣ ಏರಿಸಿದ್ದಾರೆ ಎನ್ನಿಸುತ್ತದೆ. ಟ್ಯೂಬಿನಿಂದ ಹಸಿರು ಹಿಂಡಿ ಹಾಗೇ ಹಚ್ಚಿದವರ ಚಿತ್ರಗಳೆಲ್ಲ ಪ್ಲಾಸ್ಟಿಕ್ ಚಾಪೆ. ಮಾಷ್ಟ್ರ ಪೆಟ್ಟಿಗೆಯಲ್ಲಿ ಹಸಿರಿನ ಟ್ಯೂಬೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್, ನೇಜಿಯ, ಅಂದರೆ ಭತ್ತದ ಸಸಿಯ, ಎಳೆ ಹಸಿರಿಗೆ ಸ್ವಲ್ಪ ಲೆಮನ್ ಯೆಲ್ಲೋ, ಉಬ್ಬಿ ಕಂಡರೆ ತಗ್ಗಿಸಲು ಚಿಟಿಕೆ ಬರ್ಂಟ್ ಸಿಯೆನ್ನಾ. ನೆಟ್ಟ ವಾರದ ಏಣೆಲು (ಮಳೆಗಾಲದ ಬೆಳೆ) ಗದ್ದೆಯಲ್ಲಿ ಅರ್ಧ ಆಕಾಶವೇ ಇರುತ್ತದೆ, ನೀರಿನಲ್ಲಿ ಬಿದ್ದದ್ದು. ಆಗ ಹಸಿರಿಗಿಂತ ಬೂದು ಹೆಚ್ಚು ಬೇಕು. ತಿಂಗಳು ಕಳೆದು ಪೈರು ಕೂಡಿಕೊಂಡ ಮೇಲೆ ನೀರು ಮುಚ್ಚಿ ಹೋಗುತ್ತದೆ, ಲೆಕ್ಕವೇ ಬೇರೆ.

ಆದರೆ ಅಸಲು ಗುಟ್ಟು ಅಡಿಯಲ್ಲಿದೆ. ಬಿಳಿ ಕ್ಯಾನ್ವಾಸಿನ ಮೇಲೆ ಅವರು ಶುರು ಮಾಡುವುದೇ ಇಲ್ಲ. ಮೊದಲು ಇಡೀ ಬಟ್ಟೆಗೆ ತೆಳುವಾಗಿ ಕೆಂಗಂದು ಬಳಿದು ಒಣಗಲು ಬಿಡುತ್ತಾರೆ. ಹಸಿರನ್ನು ಅದರ ಮೇಲೆ ಇಡುವಾಗ ಅಲ್ಲಲ್ಲಿ ಕೂದಲೆಳೆಯಷ್ಟು ಕೆಂಪು ಇಣುಕುವಂತೆ ಬಿಡುತ್ತಾರೆ. ಹತ್ತಿರದಿಂದ ನೋಡಿದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಗದ್ದೆಗೆ ಜೀವ. ಯುರೋಪಿನವರು ಇದನ್ನು ಶತಮಾನಗಳ ಹಿಂದೆಯೇ ಮಾಡಿದ್ದಾರೆ, ತಾನೇನೂ ಹೊಸತು ಕಂಡುಹಿಡಿದಿಲ್ಲ ಎಂದರು. ಇರಬಹುದು. ಆದರೆ ಅಡಿಯಲ್ಲಿ ಕೆಂಪು ಮುರಕಲ್ಲು, ಮೇಲೆ ಹಸಿರು ಇರುವ ಈ ಊರಿಗೆ ಆ ಕ್ರಮ ಹೇಳಿ ಮಾಡಿಸಿದ್ದು ಎಂದು ನನ್ನ ಅಭಿಪ್ರಾಯ.

ಹತ್ತೂವರೆಯ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಹಾಲು ಕೊಡಲು ಬಂದರು. ಅಷ್ಟು ಹೊತ್ತಿಗೆ ಕೆಲವು ಚಿತ್ರಗಳ ಮುಖ ತಿರುಗಿಸಿ ಇಟ್ಟಿದ್ದೆವು. ಅಕ್ಕ ಚೊಂಬನ್ನು ಜಗಲಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದು ದನದ ಎದುರು ಕುಕ್ಕರಗಾಲಲ್ಲಿ ಕೂತರು. ಹಟ್ಟಿಯ ಹೊರಗೆ ಸಣ್ಣ ಕಾಲಿನ ಕೆಂದು ದನವೊಂದು ಮಲಗಿದ್ದಲ್ಲಿಂದ ಏಳುತ್ತಿದೆ: ಹಿಂಗಾಲು ಎತ್ತಿ ಆಗಿದೆ, ಮುಂದಿನ ಮೊಣಕಾಲು ಇನ್ನೂ ನೆಲದಲ್ಲಿದೆ. ಅಕ್ಕ ತುಂಬಾ ಹೊತ್ತು ನೋಡಿದರು. ಆಮೇಲೆ ತುಳುವಿನಲ್ಲಿ, "ಮಾಷ್ಟ್ರಿಗೆ ದನ ಗೊತ್ತುಂಟು" ಎಂದರು. ಕುದುರೆ ಏಳುವಾಗ ಮುಂಗಾಲು ಮೊದಲು, ದನಕ್ಕೆ ಹಿಂಗಾಲು ಮೊದಲು. ಇದು ತಪ್ಪಿದ ಚಿತ್ರವನ್ನು ಎಷ್ಟು ಚೆಂದ ಬರೆದರೂ ಹಟ್ಟಿ ಗುಡಿಸುವವರು ಒಪ್ಪುವುದಿಲ್ಲ. ಮಾಷ್ಟ್ರು ಅಷ್ಟಕ್ಕೇ ಉಬ್ಬಿಹೋದರು. ಅಕ್ಕ ಅಲ್ಲಿಗೇ ನಿಲ್ಲಿಸಲಿಲ್ಲ: "ಆದ್ರೆ ಕೆಚ್ಚಲು ಸ್ವಲ್ಪ ದೊಡ್ಡದಾಯ್ತು. ಊರ ದನಕ್ಕೆ ಅಷ್ಟು ಎಲ್ಲಿಂದ?" ಮಾಷ್ಟ್ರು ಕನ್ನಡಕ ಏರಿಸಿ ನೋಡಿ, ಹೌದೋ ಏನೋ ಎಂದರು.

ಪ್ರಾಣಿಯನ್ನು ಬರೆಯಲು ಅವರು ಕಲಿತದ್ದು ಹುಲಿವೇಷದಲ್ಲಂತೆ. ಯೌವನದಲ್ಲಿ ಅಷ್ಟಮಿಗೆ ರಾತ್ರಿಯಿಡೀ ವೇಷದವರ ಮೈಗೆ ಬಣ್ಣ ಬಳಿದು ಪಟ್ಟೆ ಎಳೆಯುತ್ತಿದ್ದರು. ಕೈ ಅಗಲಿಸಿ ನಿಂತವನ ಬೆನ್ನಿನ ಮೇಲೆ ಪಟ್ಟೆ ಎಳೆಯುವಾಗ, ಅವನು ಬಗ್ಗಿದರೆ ಅದು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಮಡಿಚುತ್ತದೆ ಎಂಬ ಅಂದಾಜು ಬೇಕು. ಚರ್ಮದ ಅಡಿಯಲ್ಲಿ ಎಲುಬು ಇದೆ ಎಂದು ಕೈಗೆ ಗೊತ್ತಾದದ್ದು ಅಲ್ಲೇ ಎನ್ನುತ್ತಾರೆ.

ಅಕ್ಕ ಹೊರಡುವವರು ಮತ್ತೆ ನಿಂತರು. ಮೂಲೆಯಲ್ಲಿ ಒರಗಿಸಿದ್ದ ಗದ್ದೆಯ ಚಿತ್ರ. ನಾಟಿಯಾಗಿ ಸ್ವಲ್ಪ ದಿನವಾದ ಗದ್ದೆ, ಹುಣಿಯ ಮೇಲೆ ಬೆಳ್ಳಕ್ಕಿ, ನಡುವಿನಲ್ಲಿ ಒಂದು ಕಡೆಗೆ ವಾಲಿದ ಸಿಮೆಂಟಿನ ಕರೆಂಟು ಕಂಬ. ಮೂರು ತಂತಿ ಆಕಾಶವನ್ನು ಓರೆಯಾಗಿ ಕತ್ತರಿಸಿದೆ, ಒಂದರ ಮೇಲೆ ಕಾಜಾಣ.

"ಇದು ನಮ್ಮ ಬಾಕಿಮಾರು ಗದ್ದೆ ಅಲ್ವಾ? ಕಂಬ ವಾಲಿದ್ದು ಹಾಗೇ ಉಂಟು! ಸರಿ ಮಾಡಿ ಅಂತ ಎಷ್ಟು ಸಲ ಹೇಳಿ ಆಯ್ತು, ಯಾರೂ ಬರುದಿಲ್ಲ."

ಉಳಿದ ಗದ್ದೆಗಳೆಲ್ಲ ಅವರಿಗೆ ಬರೀ ಗದ್ದೆ. ಇದು ಮಾತ್ರ ತನ್ನ ಗದ್ದೆ. ನನಗೂ ಇದ್ದದ್ದರಲ್ಲಿ ಇಷ್ಟವಾದದ್ದು ಅದೇ. ಮಾಷ್ಟ್ರ ಬೇರೆ ಚಿತ್ರಗಳಲ್ಲಿ ಕಂಬ ಇಲ್ಲ, ಪಂಪ್‌ಸೆಟ್ ಇಲ್ಲ, ನೀಲಿ ಟಾರ್ಪಾಲು ಇಲ್ಲ. ತೆಂಗಿನ ಮರದ ಹಿಂದಿನ ಟವರನ್ನು ಅವರು ಎಂದೂ ಕಂಡೇ ಇಲ್ಲ. ಏಕೆ ಎಂದು ಹಿಂದೆಯೇ ಕೇಳಿದ್ದೆ. "ಕಣ್ಣಿಗೆ ಬೇಕಾದ್ದು ಬರೆಯುದು" ಎಂದು ತೇಲಿಸಿದ್ದರು. ಹಾಗಾದರೆ ಈ ಒಂದರಲ್ಲಿ ಏಕೆ ಬಿಟ್ಟಿರಿ ಎಂದರೆ, ಕಂಬ ತೆಗೆದರೆ ಚಿತ್ರ ಬಲಕ್ಕೆ ಬೀಳುತ್ತದೆ, ಭಾರಕ್ಕೆ ಒಂದು ಅಡ್ಡ ಬೇಕಿತ್ತು ಎಂದರು. ಅಷ್ಟೇ ಕಾರಣ ಎಂದು ನಾನು ನಂಬಲಿಲ್ಲ.

ಮಂಗಳೂರಿಗೆ ಚಿತ್ರ ಸಾಗಿಸಿದ್ದು ಟೆಂಪೊದಲ್ಲಿ, ಹಳೆ ಬೆಡ್‌ಶೀಟುಗಳ ನಡುವೆ. ಕೂಳೂರು ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು ತಲುಪುವಾಗ ಮಧ್ಯಾಹ್ನ. ತೂಗುಹಾಕುವ ಹುಡುಗರು ಊಟಕ್ಕೆ ಹೋಗಿದ್ದರು. ಮಾಷ್ಟ್ರು "ಬಾ, ಇಷ್ಟು ದೂರ ಬಂದು ಮೊಸ್ಕೇನಿಯನ್ನು ನೋಡದೆ ಹೋಗುದಾ" ಎಂದು ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದರು.

ಆಂಟೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಾಮೊ ಹತ್ತಿರದವರು, 1854ರಲ್ಲಿ ಹುಟ್ಟಿದವರು. ಜೆಸ್ವಿಟ್ ಬ್ರದರ್ ಆಗಿ ಇಲ್ಲಿಗೆ ಬಂದು 1899ರ ಹೊತ್ತಿಗೆ ಈ ಗೋಡೆ, ಛಾವಣಿಗಳನ್ನು ಬರೆಯಲು ಶುರು ಮಾಡಿದರು; ಕೆಲವೇ ವರ್ಷ ಕಳೆದು 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದರು. ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೊಗಳೂ ಇವೆ, ಕ್ಯಾನ್ವಾಸಿನ ಮೇಲಿನ ತೈಲವರ್ಣಗಳೂ ಇವೆ. ನಮ್ಮ ತೇವ ಅವುಗಳನ್ನೂ ಬಿಟ್ಟಿರಲಿಲ್ಲ. 1990ರ ದಶಕದಲ್ಲಿ ಪರಂಪರೆಯ ಸಂರಕ್ಷಣೆಯ ಸಂಸ್ಥೆ ಇಂಟಾಕ್‌ನ ತಜ್ಞರು ಬಂದು ದುರಸ್ತಿ ಮಾಡಬೇಕಾಯಿತು. ಮಾಷ್ಟ್ರು ಸಂತರ ಮುಖ ನೋಡಲಿಲ್ಲ. ಕತ್ತೆತ್ತಿ ಗಾರೆಯ ಬಿರುಕುಗಳನ್ನೂ, ಕಂಬದ ಹಾಗೆ ಕಾಣುವಂತೆ ಬರೀ ಬಣ್ಣದಲ್ಲೇ ಬರೆದ ನೆರಳನ್ನೂ ನೋಡುತ್ತಾ ನಿಂತರು. ಹೊರಗೆ ಬಂದ ಮೇಲೆ, "ನಾವು ಬಿರಡೆ ಅಂಟಿಸ್ತೇವೆ, ಅವರು ಗೋಡೆಗೇ ಬರೆದ್ರು. ಧೈರ್ಯ!" ಎಂದರು.

ಪ್ರದರ್ಶನಕ್ಕೆ ಬಂದವರು ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಒಂದೇ ಮಾತು: ಎಷ್ಟು ಶಾಂತವಾಗಿದೆ, ನೋಡಿದರೆ ಅಲ್ಲಿಗೇ ಹೋಗಿ ಇದ್ದುಬಿಡುವ ಎನಿಸುತ್ತದೆ. ನದಿ, ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ದೋಣಿ ಇರುವ ಚಿತ್ರದ ಎದುರು ಇದು ಹೆಚ್ಚು ಕೇಳಿಸಿತು. ಮಾಷ್ಟ್ರು ನಯವಾಗಿ ತಲೆಯಾಡಿಸಿ, ಅವರು ಮುಂದೆ ಹೋದ ಮೇಲೆ ನನ್ನ ಕಿವಿಯಲ್ಲಿ, "ಅದನ್ನು ಬರೆಯುವಾಗ ಆಚೆ ದಡದಲ್ಲಿ ದೈವದ ನೇಮದ ಮೈಕ್. ಮೂರು ದಿನ ನಿದ್ರೆ ಇಲ್ಲ" ಎಂದರು. ನೋಡಲು ಬಂದ ಒಬ್ಬ ಸಣ್ಣ ಹುಡುಗ ಏಳುತ್ತಿರುವ ದನವನ್ನು ತೋರಿಸಿ, ದನ ನಮಸ್ಕಾರ ಮಾಡುತ್ತಿದೆ ಎಂದ. ಅವನ ಅಮ್ಮ ಅದನ್ನು ತಿದ್ದಲಿಲ್ಲ, ಫೋಟೋ ತೆಗೆದುಕೊಂಡರು.

ಇಲ್ಲಿ ನನಗೊಂದು ತಕರಾರು ಇದೆ. ಚಿತ್ರಕಾರ ಕೆ.ಕೆ. ಹೆಬ್ಬಾರರೂ ಇಲ್ಲಿಯವರೇ, 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಬಂದು, ಈ ಹಳ್ಳಿಗಳನ್ನೇ ಮತ್ತೆ ಬರೆದರು. ಅವರ ಕೋಳಿ ಅಂಕದ ಚಿತ್ರ ನೋಡಿದರೆ ರೆಕ್ಕೆ ಬಡಿಯುವುದು ಕೇಳಿಸುತ್ತದೆ. ಹಳ್ಳಿ ಎಂದರೆ ಸದ್ದೂ ಹೌದು. ಸದ್ದು ತೆಗೆದು ತೋರಿಸಿದ ಹಳ್ಳಿಯನ್ನು ಹಳ್ಳಿ ಬಿಟ್ಟು ಹೋದವರು ಕೊಂಡುಕೊಳ್ಳುತ್ತಾರೆ, ಹಳ್ಳಿಯಲ್ಲಿ ಇರುವವರು ಕಂಬ ಹುಡುಕುತ್ತಾರೆ. ಮಾಷ್ಟ್ರಿಗೆ ಇದನ್ನು ಹೇಳಿದೆ. "ಹೆಬ್ಬಾರರು ಹೆಬ್ಬಾರರು. ನನಗೆ ಹಸಿರು ಸರಿಯಾಗಿ ಬಂದ್ರೆ ಸಾಕು" ಎಂದು ಮಾತು ಮುಗಿಸಿದರು.

ಎರಡನೆಯ ಸಂಜೆ ಮುಂಬೈಯಲ್ಲಿ ಹೋಟೆಲು ನಡೆಸುವ ನಮ್ಮ ಕಡೆಯವರೇ ಒಬ್ಬರು ಬಂದರು. ಒಂದು ಸುತ್ತು ಹಾಕಿ, ನೇರ ಕಂಬದ ಗದ್ದೆಯ ಎದುರು ನಿಂತರು. ನನಗೆ ಆಸೆ ಹುಟ್ಟಿತು. ಅವರು ಹತ್ತಿರ ಹೋಗಿ, ದೂರ ಬಂದು, ಕಡೆಗೆ, "ಮಾಷ್ಟ್ರೇ, ಗದ್ದೆ ಫಸ್ಟ್ ಕ್ಲಾಸ್. ಇದೇ ಗದ್ದೆ, ಇದೇ ಬೆಳ್ಳಕ್ಕಿ, ಸ್ವಲ್ಪ ದೊಡ್ಡ ಸೈಜು. ಕಂಬ ಮಾತ್ರ ಬೇಡ" ಎಂದರು. ಮಾಷ್ಟ್ರು ಒಪ್ಪಿಕೊಂಡರು. ಅಲ್ಲೇ ಅಡ್ವಾನ್ಸನ್ನೂ ತೆಗೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಕಂಬ ತೆಗೆದರೆ ಚಿತ್ರ ಬಲಕ್ಕೆ ಬೀಳುತ್ತದೆ ಎಂದವರು ನೀವೇ ಅಲ್ಲವಾ ಎಂದೆ. ಹೆಜಮಾಡಿ ಟೋಲ್ ದಾಟುವವರೆಗೆ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಆಮೇಲೆ ಚಿತ್ರಕಾರ ವೆಲಾಸ್ಕೆಸ್ ಕಥೆ ತೆಗೆದರು. 1630ರ ದಶಕದಲ್ಲಿ ಆತ ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್ ಕುದುರೆ ಏರಿದ ಚಿತ್ರ ಬರೆದ. ಕುದುರೆಯ ಹಿಂಗಾಲು ಮೊದಲು ಒಂದು ಕಡೆ ಬರೆದು, ಸರಿ ಕಾಣದೆ, ಅದರ ಮೇಲೆ ಬಣ್ಣ ಬಳಿದು ಬೇರೆ ಕಡೆ ಬರೆದ. ಎಣ್ಣೆ ಬಣ್ಣ ಹಳತಾದಂತೆ ನಿಧಾನಕ್ಕೆ ಪಾರದರ್ಶಕವಾಗುತ್ತದೆ. ಅಳಿಸಿದ ಕಾಲು ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಮಸುಕಾಗಿ ಮೇಲೆ ಬಂದಿದೆ. ಕುದುರೆಗೆ ಕಾಲು ಹೆಚ್ಚು.

"ಅದಕ್ಕೆ ಮೊದಲು ಕಂಬ ಬರೀತೇನೆ" ಎಂದರು ಮಾಷ್ಟ್ರು. "ದಪ್ಪಕ್ಕೆ ಬರೀತೇನೆ, ತಂತಿ ಸಮೇತ. ಒಣಗಿದ ಮೇಲೆ ಅದರ ಮೇಲೆ ತೆಳು ಆಕಾಶ, ತೆಳು ಗದ್ದೆ. ಟೈಟಾನಿಯಂ ಬಿಳಿ ಆದಷ್ಟು ಕಡಿಮೆ. ಅದು ಎಲ್ಲ ಮುಚ್ಚಿಬಿಡ್ತದೆ."

"ಮೇಲೆ ಬರಲಿಕ್ಕೆ ಎಷ್ಟು ವರ್ಷ ಬೇಕು?"

"ನಾನು ಇರುದಿಲ್ಲ, ಅವರೂ ಇರುದಿಲ್ಲ. ಅವರ ಮೊಮ್ಮಕ್ಕಳು ಯಾರಿಗೆ ಕಂಪ್ಲೇಂಟ್ ಮಾಡ್ತಾರೆ, ನೋಡುವ."

ಮೊನ್ನೆ ಹೋದಾಗ ದೊಡ್ಡ ಕ್ಯಾನ್ವಾಸಿನ ಮೇಲೆ ಬರೀ ಕೆಂಗಂದು, ನಡುವಿನಲ್ಲಿ ಒಂದು ವಾಲಿದ ಕಂಬ. ಹಾಲಿನ ಅಕ್ಕ ಅದನ್ನು ಆಗಲೇ ನೋಡಿ, ವಾಲಿದ್ದು ಸಾಲದು, ಕಳೆದ ಗಾಳಿಗೆ ಇನ್ನೂ ಒಂದಿಷ್ಟು ಬಾಗಿದೆ ಎಂದು ಹೇಳಿ ಹೋಗಿದ್ದರು. ಮಾಷ್ಟ್ರು ಚಿಂದಿ ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು ಕಂಬವನ್ನು ಒರೆಸುತ್ತಿದ್ದರು, ಮತ್ತೆ ಸರಿಯಾಗಿ ಬರೆಯಲಿಕ್ಕೆ.